ಎಂಬಿಬಿಎಸ್ ಬೇಕೋ ಬಿಡಿಎಸ್ ಬೇಕೋ: ಯಾದಗಿರಿಯ ವಿದ್ಯಾರ್ಥಿನಿಗೆ

ಎಂಬಿಬಿಎಸ್ ಸೇರಲೋ, ದಂತವೈದ್ಯಕೀಯ ಪದವಿಯಾದ ಬಿಡಿಎಸ್ ಸೇರಲೋ ಎಂದು ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ ನೀಟ್ ರ‍್ಯಾಂಕ್ ಅಲ್ಲ, ಎರಡೂ ಕೆಲಸಗಳನ್ನು ಹತ್ತಿರದಿಂದ ನೋಡದಿರುವುದು ಎನಿಸುತ್ತದೆ. ‘ಮನೆಯವರಿಗೆ ಎಂಬಿಬಿಎಸ್, ನನಗೆ ಬಿಡಿಎಸ್’ ಎಂದಿದ್ದೀರಿ. ಏಕೆ ಎಂದು ಬರೆದಿಲ್ಲ. ನನ್ನ ಮಗಳೂ ಅಲ್ಲೇ ಸಿಕ್ಕಿಕೊಂಡಿದ್ದಳು.

ಮೊದಲು ಜಿಲ್ಲಾಸ್ಪತ್ರೆಯಲ್ಲಿ ಅನುಮತಿ ಕೇಳಿ, ದಂತ ವಿಭಾಗದಲ್ಲಿ ಒಂದು ಬೆಳಿಗ್ಗೆ, ಮೆಡಿಸಿನ್ ಹೊರರೋಗಿ ವಿಭಾಗದಲ್ಲಿ ಇನ್ನೊಂದು ಬೆಳಿಗ್ಗೆ ಕುಳಿತು ನೋಡಿ. ಆಮೇಲೆ ಮೇಣದ ತುಂಡೊಂದರಲ್ಲಿ ದವಡೆ ಹಲ್ಲನ್ನು ಕೆತ್ತಿ. ಬಿಡಿಎಸ್ ಮೊದಲ ವರ್ಷದಲ್ಲಿ ಮಾಡಿಸುವುದೇ ಇದನ್ನು. ಮಗಳು ಮೂರು ಮೇಣದಬತ್ತಿ ಹಾಳು ಮಾಡಿದಳು, ನಾಲ್ಕನೆಯದರ ಹೊತ್ತಿಗೆ ಊಟವನ್ನೇ ಮರೆತಿದ್ದಳು. ನಮಗೆ ಉತ್ತರ ಸಿಕ್ಕಿತು. ನಿಮಗೆ ಕೆತ್ತನೆ ಬೇಸರ ತಂದರೆ ಮನೆಯವರ ಮಾತನ್ನು ಕೇಳಿ. ಆದರೆ ಎಂಬಿಬಿಎಸ್‌ನ ಐದೂವರೆ ವರ್ಷದ ಬಳಿಕ ಪಿಜಿಗೆ (ಸ್ನಾತಕೋತ್ತರ ಪದವಿಗೆ) ಮತ್ತೊಂದು ನೀಟ್ ಕಾದಿರುತ್ತದೆ. ಬಿಡಿಎಸ್ ಮುಗಿಸಿ ಸ್ವಂತ ಕ್ಲಿನಿಕ್ ತೆರೆಯುವುದಾದರೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇಗೆ ಬಂಡವಾಳ ಬೇಕು.

ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇಲ್ಲದಿದ್ದರೆ ಸಹಾಯಕ ಆಯುಕ್ತರ ಕಚೇರಿಗೆ ನಾಳೆಯೇ ಹೋಗಿ. ಯಾದಗಿರಿ, ಕಲಬುರಗಿ, ಬೀದರ್‌ನ ಸರ್ಕಾರಿ ವೈದ್ಯಕೀಯ ಸೀಟು ನಿಮಗೆ ಸಿಗುತ್ತದೆಯೇ ಎಂದು ರ‍್ಯಾಂಕ್ ತಿಳಿಯದೆ ಹೇಳಲಾರೆ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣದಲ್ಲಿ ಹಿಂದಿನ ವರ್ಷದ ಕಟ್‌ಆಫ್ ನೋಡುವಾಗ ಸಾಮಾನ್ಯ ಪಟ್ಟಿಯನ್ನಲ್ಲ, ಕಲ್ಯಾಣ ಕರ್ನಾಟಕದ ಪಟ್ಟಿಯನ್ನು ತೆರೆಯಿರಿ. ಕೌನ್ಸೆಲಿಂಗ್‌ನಲ್ಲಿ ಕಾಲೇಜು, ಕೋರ್ಸ್ ಆಯ್ಕೆಗಳನ್ನು ನಿಮ್ಮ ಇಷ್ಟದ ಕ್ರಮದಲ್ಲೇ ತುಂಬಿ, ಸಿಗಬಹುದಾದ ಕ್ರಮದಲ್ಲಿ ಬೇಡ.