ಸೂಟ್‌ಕೇಸ್ ಕಂಡರೆ ಅಳುವ ಹುಡುಗ

ಕೊಡಗಿನ ಗೋಣಿಕೊಪ್ಪಲು ಕಡೆಯ ಕಾಫಿ ಬೆಳೆಗಾರ ಕುಟುಂಬ. ಅಪ್ಪ, ಅಮ್ಮ, 11 ವರ್ಷದ ಮಗಳು, 5 ವರ್ಷದ ಮಗ. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ. ಮಾರ್ಚ್‌ನಲ್ಲಿ ಸಲಹೆ ಕೇಳಲು ಅಮ್ಮ ಒಬ್ಬರೇ ನನ್ನ ಬಳಿ ಬಂದಿದ್ದರು. "ರಜೆಗೆ ಎಲ್ಲಾದರೂ ಹೋಗೋಣ ಅಂದರೆ ಸಾಕು, ಮಗ ಮಂಚದ ಕೆಳಗೆ ಸೇರಿಕೊಳ್ತಾನೆ. ಇಷ್ಟೊಂದು ಹಟ ಯಾಕೆ ಮೇಡಂ?"

ಹಿಂದಿನ ದಸರಾ ರಜೆಯ ಪ್ರವಾಸವನ್ನು ಗಂಟೆ ಗಂಟೆಗೆ ಏನಾಯಿತೆಂದು ಬರೆಸಿದಾಗ ಅದು ಹಟವಲ್ಲ, ಹೆದರಿಕೆ ಎಂದು ತಿಳಿಯಿತು. 3 ದಿನ, 9 ಜಾಗ: ಮೈಸೂರು, ಬಂಡೀಪುರ, ಊಟಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ಮಗುವನ್ನು ಮೈಸೂರಿನ ಲಾಡ್ಜಿನಲ್ಲಿ 3:30ಕ್ಕೇ ಎಬ್ಬಿಸಿದ್ದರು. ಖಾಲಿ ಹೊಟ್ಟೆ, ಹಿಂದಿನ ಸೀಟು, ಕೈಯಲ್ಲಿ ಮೊಬೈಲ್. ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಮೂರು ಸಲ ವಾಂತಿ. ಮಧ್ಯಾಹ್ನದ ನಿದ್ದೆಯೂ ಇಲ್ಲದೆ ಊಟಿಯಲ್ಲಿ ರಚ್ಚೆ ಹಿಡಿದಾಗ ಎಲ್ಲರೆದುರು ಅಪ್ಪ ಹೊಡೆದರು. ಮಗಳಿಗೆ ಪ್ರವಾಸವೆಂದರೆ ತಮ್ಮನನ್ನು ಹಿಡಿದುಕೊಂಡು ಕೂರುವುದು. ಅವಳು ಕೇಳಿದ ಒಂದು ಜಾಗಕ್ಕೂ ಹೋಗಲಿಲ್ಲ.

ಎರಡನೇ ಭೇಟಿಗೆ ಅಪ್ಪನೂ ಬಂದರು. ಮೊದಲು ವಾಂತಿಯ ವಿಷಯ. ತಿರುವಿನಲ್ಲಿ ಒಳಕಿವಿ "ಚಲಿಸುತ್ತಿದ್ದೇವೆ" ಎನ್ನುತ್ತದೆ, ಮೊಬೈಲ್ ನೋಡುವ ಕಣ್ಣು "ಇಲ್ಲ" ಎನ್ನುತ್ತದೆ. ಆ ಗೊಂದಲಕ್ಕೇ ಹೊಟ್ಟೆ ತೊಳಸುವುದು. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ ಕೊಡಿ. ಎಣ್ಣೆ ತಿಂಡಿ, ಹಾಲು ಬೇಡ. ಮುಂದಿನ ರಸ್ತೆ ಕಾಣುವಷ್ಟು ಎತ್ತರಕ್ಕೆ ಮಕ್ಕಳ ಸೀಟು ಹಾಕಿ, ಕಿಟಕಿ ಸ್ವಲ್ಪ ತೆರೆದಿರಲಿ. ಮಾತ್ರೆ ಬೇಕಾದರೆ ಮಕ್ಕಳ ವೈದ್ಯರನ್ನೇ ಕೇಳಬೇಕು. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಅಭ್ಯಾಸ ಅಪಾಯ.

ಹೆದರಿಕೆಗೆ ತಾಲೀಮು ಬೇಕಿತ್ತು. ಮೊದಲ ವಾರ ಮನೆಯಂಗಳದಲ್ಲಿ ನಿಂತ ಕಾರಿನಲ್ಲಿ 10 ನಿಮಿಷ ಆಟ, ಆಮೇಲೆ ಹತ್ತಿರದ ಪೊನ್ನಂಪೇಟೆಗೆ ಹೋಗಿ ಬರುವುದು, ನಂತರ ಸ್ವಲ್ಪ ದೂರದ ತಿತಿಮತಿ. ಒಂದು ಹಂತ ಎರಡು ಸಲ ಅಳುವಿಲ್ಲದೆ ಮುಗಿದರೆ ಮಾತ್ರ ಮುಂದಿನದು. ಆತುರಪಟ್ಟರೆ ಮತ್ತೆ ಅಂಗಳಕ್ಕೇ ಬರಬೇಕಾಗುತ್ತದೆ. ಹುಡುಗನಿಗೆ ಆನೆ ಅಂದರೆ ಪ್ರಾಣ. ಹಾಗಾಗಿ ಕೊನೆಯ ಹಂತ ಮತ್ತಿಗೋಡು ಆನೆ ಶಿಬಿರ, 2020ರಿಂದ ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ಶಿಬಿರ. ಅಲ್ಲಿಂದ ಮೈಸೂರು ಅರಮನೆಗೆ ಕಥೆ ತಾನಾಗಿ ಸಾಗುತ್ತದೆ.

ಈ ಸಲದ ಪ್ರವಾಸ ಮೈಸೂರು ಒಂದೇ ಊರಿಗೆ, ಒಂದೇ ಲಾಡ್ಜ್, 2 ರಾತ್ರಿ. ಶನಿವಾರ ಬೆಳಿಗ್ಗೆ 9ಕ್ಕೆ ಹೊರಡುವುದು. ದಾರಿಯ ಆನೆಚೌಕೂರು ಕಾಡಿನಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ, ಆದ್ದರಿಂದ ಮೂತ್ರಕ್ಕೆ ತಿತಿಮತಿಯಲ್ಲೇ ಇಳಿಸಬೇಕು. ಹುಣಸೂರಿನಲ್ಲಿ 20 ನಿಮಿಷ ಓಡಾಟ. ಭಾನುವಾರ ಮೃಗಾಲಯಕ್ಕೆ 8:30ಕ್ಕೆ, ಬಾಗಿಲು ತೆರೆಯುವಾಗಲೇ. ಏಪ್ರಿಲ್ ಬಿಸಿಲಿಗೆ 11ರ ನಂತರ ಮಕ್ಕಳು ಸುಸ್ತಾಗುತ್ತಾರೆ. 1ರಿಂದ 3:30 ಕಡ್ಡಾಯ ವಿಶ್ರಾಂತಿ. ಸಂಜೆ 7ಕ್ಕೆ ಅರಮನೆಯ ದೀಪಾಲಂಕಾರ ಭಾನುವಾರ ಇದ್ದೇ ಇರುತ್ತದೆ. ಸೋಮವಾರದ ಬೆಳಿಗ್ಗೆ ಪೂರ್ತಿ ಮಗಳದು. ತಮ್ಮನು ಅಮ್ಮನ ಜೊತೆ, ಅವಳು ಅಪ್ಪನ ಜೊತೆ.

"ಅಷ್ಟು ದೂರ ಹೋಗಿ ಎರಡೇ ಜಾಗವಾ?" ಎಂದರು ಅಪ್ಪ. ನ್ಯಾಯವಾದ ಪ್ರಶ್ನೆ, ವರ್ಷಕ್ಕೆ ಒಮ್ಮೆ ತೋಟ ಬಿಟ್ಟು ಹೊರಡುವವರಿಗೆ ಎಲ್ಲವನ್ನೂ ತೋರಿಸುವ ಆಸೆ. ಆದರೆ ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಕೆಲಸ ಬಾಕಿ ಇಟ್ಟುಕೊಂಡು ಹೊರಟರೆ ಫೋನು, ಸಿಡುಕು ಜೊತೆಗೇ ಬರುತ್ತವೆ. ಅದು ಮುಗಿದ ಮೇಲೆಯೇ ದಿನ ಗೊತ್ತುಮಾಡಲು ಹೇಳಲಾಯಿತು. ಮಗು ಅತ್ತಾಗ ಗದರುವ ಮುಂಚೆ ಮೂರು ಪ್ರಶ್ನೆ: ಹಸಿವೆಯೇ, ನಿದ್ದೆಯೇ, ಮೂತ್ರವೇ?

ಮೇ ತಿಂಗಳಲ್ಲಿ ವರದಿ ಕೊಟ್ಟರು. ಹುಣಸೂರಿನಲ್ಲಿ ಚಿಪ್ಸ್ ತಿಂದದ್ದಕ್ಕೆ ಒಮ್ಮೆ ವಾಂತಿಯಾಗಿದೆ. ವಾಪಸು ಬರುವಾಗ ಹುಡುಗ ತಾನೇ ಕಾರು ಹತ್ತಿದ್ದಾನೆ. ಊಟಿಯ ಏಟಿನ ಬಗ್ಗೆ ಅಪ್ಪ ಮಗನೊಡನೆ ಇನ್ನೂ ಮಾತಾಡಿಲ್ಲ. ಮುಂದಿನ ಭೇಟಿ ಅದಕ್ಕೆಂದೇ ಇಟ್ಟಿದೆ.