ಆಯಿಲ್ ಪ್ರೆಶರ್ ಇಳಿದು ಟೆಂಪರೇಚರ್ ಸರಿಯಿದ್ದರೆ ಹಾರಾಟ ಮುಂದುವರಿಸಬಹುದೇ?

ಆಯಿಲ್ ಟೆಂಪರೇಚರ್ ಗೇಜಿನ ಮುಳ್ಳು ಹಸಿರಿನಲ್ಲೇ, ಅಂದರೆ ಸುರಕ್ಷಿತ ಮಟ್ಟದಲ್ಲೇ, ಇರುವುದರಿಂದ ಸೆನ್ಸರ್ ಕೆಟ್ಟಿದೆಯೆಂದು ಭಾವಿಸಬಹುದೇ ಎಂದು ಕೇಳಿದ್ದೀರಿ. ನಾನು ಹಾಗೆ ಭಾವಿಸಿದ್ದು ತರಬೇತಿಯ ದಿನಗಳಲ್ಲಿ, ಸೆಸ್ನಾ 172ಎಸ್ ವಿಮಾನದಲ್ಲಿ ಸೋಲೋ ಕ್ರಾಸ್‌ಕಂಟ್ರಿ (ಒಂಟಿಯಾಗಿ ಮಾಡುವ ದೂರದ ಹಾರಾಟ) ಮುಗಿಸಿ ಮರಳುವಾಗ, 5,500 ಅಡಿ ಎತ್ತರದಲ್ಲಿ.

ಆ ವಿಮಾನದ ಪ್ರೆಶರ್ ಗೇಜಿನಲ್ಲಿ ಹಸಿರು ಪಟ್ಟಿ 50ರಿಂದ 90 ಪಿಎಸ್‌ಐವರೆಗೆ, ಕನಿಷ್ಠದ ಕೆಂಪು ಗೆರೆ 20ರಲ್ಲಿ. ಎಂದೂ 60ಕ್ಕಿಂತ ಮೇಲೆಯೇ ನಿಲ್ಲುತ್ತಿದ್ದ ಮುಳ್ಳು ಅಂದು 45ಕ್ಕೆ ಇಳಿದು ನಡುಗತೊಡಗಿತು. ಆರು ನಾಟಿಕಲ್ ಮೈಲಿ ಹಿಂದೆ ಒಂದು ಏರ್‌ಫೀಲ್ಡ್ ಇತ್ತು. ನಮ್ಮ ಹಾರಾಟ ತರಬೇತಿ ಶಾಲೆಗೆ ಇನ್ನೂ 35 ಮೈಲಿ. ಟೆಂಪರೇಚರ್ ಏರದಿದ್ದರೆ ಗೇಜ್ ಅಥವಾ ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಶರನ್ನು ಹೊರಬಿಡುವ ಕವಾಟ) ದೋಷವಿರಬಹುದೆಂದು ಕೈಪಿಡಿಯಲ್ಲಿ ಓದಿದ್ದು ನೆನಪಿಗೆ ಬಂತು. ಹಾಗಿದ್ದರೂ ಹತ್ತಿರದ ಏರ್‌ಫೀಲ್ಡಿನಲ್ಲಿ ಇಳಿದು ಪರೀಕ್ಷಿಸಬೇಕೆಂದು ಅಲ್ಲಿಯೇ ಬರೆದಿದ್ದು ನೆನಪಿಗೆ ಬರಲಿಲ್ಲ.

ನನ್ನ ತಪ್ಪು ಇಷ್ಟೇ: ಎರಡನೆಯ ಸಾಕ್ಷಿಗಾಗಿ ಕಾಯುತ್ತ ಮುಂದಕ್ಕೆ ಹಾರಿದೆ. ಪ್ರೆಶರ್ ಕ್ಷಣದಲ್ಲಿ ಬದಲಾಗುತ್ತದೆ, ಟೆಂಪರೇಚರ್ ನಿಧಾನವಾಗಿ. ಸೋರಿಕೆಯಿಂದ ಆಯಿಲ್ ಕಡಿಮೆಯಾದಂತೆ ಪಂಪು ನಡುನಡುವೆ ಗಾಳಿಯನ್ನು ಎಳೆಯುತ್ತದೆ. ಆ ನಡುಕವೇ ಮೊದಲ ಸುಳಿವು. ಉಳಿದ ಆಯಿಲ್ ಕಾದು ಟೆಂಪರೇಚರ್ ಮುಳ್ಳು ಏರುವಷ್ಟರಲ್ಲಿ ಸಮಯ ಕಳೆದಿರುತ್ತದೆ. ಟೆಂಪರೇಚರ್ ಪ್ರೋಬ್ ಅಳೆಯುವುದು ತನ್ನನ್ನು ತಾಗಿ ಹರಿಯುವ ಆಯಿಲನ್ನು ಮಾತ್ರ. ಆಯಿಲೇ ಬರದಿದ್ದರೆ ಅದರ ಅಂಕಿಗೆ ಅರ್ಥವಿಲ್ಲ. ನಾನು ನಂಬಿ ಕಾದದ್ದು ಅಂಥ ಸಾಕ್ಷಿಗಾಗಿ. ಪ್ರತಿ ನಿಮಿಷಕ್ಕೂ ಎರಡು ಮೈಲಿಯಷ್ಟು ಆ ಏರ್‌ಫೀಲ್ಡಿನಿಂದ ದೂರವಾಗುತ್ತಿದ್ದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಶಾಲೆಯ ರನ್‌ವೇ ಕಾಣುವಾಗ ಪ್ರೆಶರ್ 20ಕ್ಕಿಂತ ಕೆಳಗಿತ್ತು, ಎಂಜಿನ್ ಬಡಿಯುತ್ತಿತ್ತು. ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ಪವರ್ ತಗ್ಗಿಸಿ, ಗ್ಲೈಡ್‌ನಲ್ಲೇ (ಎಂಜಿನ್ ಬಲವಿಲ್ಲದೆ ತೇಲುತ್ತ) ಇಳಿದೆ. ಆಯಿಲ್ ಫಿಲ್ಟರಿನ ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿಲ್ಲ. ವಿಮಾನದ ಹೊಟ್ಟೆಯೆಲ್ಲ ಕಪ್ಪಾಗಿತ್ತು. ಬೇರಿಂಗುಗಳು ಹಾಳಾಗಿ ಎಂಜಿನ್ನನ್ನೇ ಬಿಚ್ಚಿ ತೆಗೆಯಬೇಕಾಯಿತು, ನಾಲ್ಕು ತಿಂಗಳು ನನಗೆ ಸೋಲೋ ಅನುಮತಿ ಸಿಗಲಿಲ್ಲ.

ಆದ್ದರಿಂದ ಸೆನ್ಸರೋ ಎಂಜಿನ್ನೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದನ್ನು ಕೌಲಿಂಗ್ (ಎಂಜಿನ್ನಿನ ಹೊರ ಮುಚ್ಚಳ) ತೆರೆದು ಮೆಕ್ಯಾನಿಕ್ ನಿರ್ಧರಿಸಲಿ. ನೀವು ಹತ್ತಿರದ ಏರ್‌ಫೀಲ್ಡಿನತ್ತ ತಿರುಗಿ, ರೇಡಿಯೋದಲ್ಲಿ ತಿಳಿಸಿ, ಎತ್ತರವನ್ನು ಬಿಟ್ಟುಕೊಡಬೇಡಿ. ಗಾಳಿಯಿಲ್ಲದಾಗ ಈ ವಿಮಾನ ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಗ್ಲೈಡ್ ಆಗುತ್ತದೆ. ಟೆಂಪರೇಚರ್ ಕೂಡ ಏರುತ್ತಿದ್ದರೆ ಪವರ್ ತಗ್ಗಿಸಿ, ಇಳಿಯಬಲ್ಲ ಹೊಲವೊಂದನ್ನು ಆಗಲೇ ಗುರುತಿಸಿಕೊಳ್ಳಿ.