ಮಾತ್ರೆ ಬರೆಯೋ ಮುಂಚೆ ಮೈಯನ್ನೂ ಒಂದು ಮಾತು ಕೇಳಿ

ಮಲೆನಾಡಿನ ಒಂದು ಊರಿಂದ ನಿವೃತ್ತ ಶಿಕ್ಷಕಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಯಜಮಾನರಿಗೆ 76 ವರ್ಷ, ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಕ್ಲೊಪಿಡೊಗ್ರೆಲ್ ಮಾತ್ರೆ ನಡೀತಿದೆ, ಅದರ ಜೊತೆ ಬಿಪಿದು, ಶುಗರ್‌ದು, ಬೆಳಿಗ್ಗೆ ಎದ್ದ ಕೂಡ್ಲೆ ಗ್ಯಾಸಿಗೆ ಅಂತ ಒಂದು ಓಮೆಪ್ರಜೋಲ್. ಪುಣೆಯಲ್ಲಿರೋ ಮಗ ಅಪ್ಪನಿಗೆ ಜೀನ್ ಟೆಸ್ಟ್ ಮಾಡಿಸಿದಾನೆ. ಕ್ಲೊಪಿಡೊಗ್ರೆಲ್ ಇವರ ಮೈಯಲ್ಲಿ ಪೂರ್ತಿ ಕೆಲಸ ಮಾಡೋದು ಅನುಮಾನ, ‘ಇಂಟರ್ಮೀಡಿಯೇಟ್ ಮೆಟಬಲೈಸರ್’ ಅಂತ ರಿಪೋರ್ಟ್ ಬಂದಿದೆ. ಡಾಕ್ಟರು ಅದನ್ನ ನೋಡಿ ಫೈಲಿಗೆ ಸೇರಿಸಿ ‘ಇದನ್ನೇ ಮುಂದುವರ್ಸಿ’ ಅಂದ್ರಂತೆ. ಗಾಬರಿಯಾಗಿ ಇವರು ಎರಡು ದಿನ ಮಾತ್ರೆ ಕೊಡೋದನ್ನೇ ನಿಲ್ಸಿದ್ರಂತೆ. ಕೊನೆಗೆ ಕೇಳ್ತಾರೆ, ‘ಹಿಂದಿನವರು ಇದೆಲ್ಲ ಇಲ್ಲದೆ ಬದುಕಲಿಲ್ವಾ ಸರ್? ಈ ವಯಸ್ಸಲ್ಲಿ ಜೀನ್ ಟೆಸ್ಟ್ ಅನ್ನೋದು ಲ್ಯಾಬಿನವರು ದುಡ್ಡು ಮಾಡೋ ದಾರಿ ಅಲ್ವಾ?’

ಸಂಪಾದಕರ ಉತ್ತರ:

ತಾಯಿ, ಮೊದಲು ಆ ಎರಡು ದಿನದ ವಿಷಯ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನ ಮನೆಯಲ್ಲಿ ಕೂತು ನಿಲ್ಲಿಸೋ ಹಾಗಿಲ್ಲ, ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಪ್ರಾಣಕ್ಕೇ ಬರಬಹುದು. ಇನ್ನೊಂದ್ ಸಲ ಹೀಗೆ ಮಾಡ್ಬೇಡಿ.

ದುಡ್ಡು ಮಾಡೋ ದಾರಿ ಅನ್ನೋ ನಿಮ್ಮ ಅನುಮಾನದಲ್ಲೂ ಹುರುಳಿದೆ. ಕೂದಲು ಉದುರೋದ್ರಿಂದ ಹಿಡಿದು ಮಕ್ಕಳ ಬುದ್ಧಿವಂತಿಕೆ ತನಕ ಎಲ್ಲಾನೂ ಎಂಜಲಲ್ಲಿ ಹೇಳ್ತೀವಿ ಅನ್ನೋ ಪ್ಯಾಕೇಜುಗಳಿವೆ, ಅವನ್ನ ನಾನು ಸಮರ್ಥಿಸಲ್ಲ. ಔಷಧಿಗೆ ಸಂಬಂಧಪಟ್ಟ ಜೀನ್ ಟೆಸ್ಟಲ್ಲೂ ಎಲ್ಲಾ ಅಧ್ಯಯನ ಗೆದ್ದಿಲ್ಲ, 2013ರಲ್ಲಿ ಅಮೆರಿಕದಲ್ಲಿ ರಕ್ತ ತೆಳು ಮಾಡೋ ವಾರ್ಫರಿನ್ ಬಗ್ಗೆ ಮಾಡಿದ್ದೊಂದು ಲಾಭ ಕಾಣಲಿಲ್ಲ ಅಂತ್ಲೇ ಹೇಳ್ತು. ಒಪ್ಕೊಂಡೆ.

ಆದ್ರೆ ‘ಈ ವಯಸ್ಸಲ್ಲಿ ಯಾಕೆ’ ಅಂದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಇದು ಬೇಕಾಗಿರೋದೇ ಈ ವಯಸ್ಸಲ್ಲಿ. ಇಪ್ಪತ್ತೈದರ ಹುಡುಗ ವರ್ಷಕ್ಕೊಂದು ಜ್ವರದ ಮಾತ್ರೆ ನುಂಗ್ತಾನೆ, ಎಪ್ಪತ್ತಾರರ ನಿಮ್ಮ ಯಜಮಾನರು ದಿನಕ್ಕೆ ಎಷ್ಟು ನುಂಗ್ತಾರೆ ನೀವೇ ಲೆಕ್ಕ ಹಾಕಿ, ಅದೂ ಕಿಡ್ನಿ ಲಿವರ್ ಎರಡೂ ಮೊದಲಿನ ಹಾಗೆ ಇಲ್ಲದಿರೋ ಕಾಲದಲ್ಲಿ.

ಕ್ಲೊಪಿಡೊಗ್ರೆಲ್ ಕಥೆ ಕೇಳಿ. ನುಂಗಿದಾಗ ಅದಿನ್ನೂ ಔಷಧಿಯೇ ಆಗಿರಲ್ಲ. ಭತ್ತ ಮಿಲ್ಲಿಗೆ ಹೋಗಿ ಅಕ್ಕಿ ಆಗಬೇಕಲ್ಲ, ಹಾಗೆ ಅದು ಲಿವರ್‌ಗೆ ಹೋಗಿ ಅಲ್ಲಿರೋ ಸಿವೈಪಿ2ಸಿ19 ಅನ್ನೋ ಕಿಣ್ವದ ಕೈಲಿ ಔಷಧಿ ಆಗಬೇಕು. ಆ ಕಿಣ್ವದ ಜೀನು ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು ಬಂದಿರತ್ತೆ. ಎರಡೂ ಕೆಟ್ಟಿದ್ರೆ ಮಾತ್ರೆ ಹೆಚ್ಚೂಕಮ್ಮಿ ದಂಡ, ಒಂದು ಕೆಟ್ಟಿದ್ರೆ ಅರೆಬರೆ ಕೆಲಸ. ನಿಮ್ಮ ಯಜಮಾನರದು ಎರಡನೇದು, ರಿಪೋರ್ಟಲ್ಲಿ ‘ಇಂಟರ್ಮೀಡಿಯೇಟ್’ ಅಂದಿರೋದು ಅದನ್ನೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎರಡೂ ಕೆಟ್ಟಿರೋರ ವಿಷಯದಲ್ಲಿ 2010ರಲ್ಲೇ ಈ ಮಾತ್ರೆಯ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದೆ. ಪೂರ್ವ ಲಂಡನ್ನಿನಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ ಮೂಲದವರ ಜೀನ್ ನೋಡಿದಾಗ ನೂರಕ್ಕೆ 57 ಜನ ಈ ಎರಡು ಗುಂಪಲ್ಲಿ ಒಂದರಲ್ಲಿ ಬಂದ್ರು. ಅಂದ್ರೆ ನಮ್ಮ ಉಪಖಂಡದ ಜನರಲ್ಲಿ ಇದು ಎಲ್ಲೋ ಒಬ್ಬರ ಸಮಸ್ಯೆ ಅಲ್ಲ, ಆದ್ರೂ ಈ ಮಾತ್ರೆಗೆ ಹೆಸರು ತಂದುಕೊಟ್ಟ 1996ರ ದೊಡ್ಡ ಅಧ್ಯಯನದಲ್ಲಿ ಇದ್ದೋರು ಬಹುಪಾಲು ಬಿಳಿಯರು. ಯಾವ ಚಿಕಿತ್ಸೆ ಹೇಗೆ ಕೊಡಬೇಕು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ, ಲಕ್ವ ಹೊಡೆದವರಿಗೆ ಕ್ಲೊಪಿಡೊಗ್ರೆಲ್ ಕೊಡೋದಾದ್ರೆ ಮೊದಲು ಈ ಜೀನ್ ನೋಡಿ ಅಂತ ಹೇಳಿದೆ.

ಹಾಗಂತ ನಿಮ್ಮ ಡಾಕ್ಟರು ತಪ್ಪು ಅಂತಾನೂ ನಾನು ಹೇಳ್ತಿಲ್ಲ. ಸ್ಟೆಂಟ್ ಹಾಕಿ ವರ್ಷ ಆಗಿದೆ, ಮೊದಲ ತಿಂಗಳುಗಳ ಅಪಾಯ ಕಳೆದಿದೆ. ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಥರದ ಜೋರು ಮಾತ್ರೆಗಳಿಂದ ವಯಸ್ಸಾದವರಲ್ಲಿ ರಕ್ತಸ್ರಾವ ಜಾಸ್ತಿ. ನೆದರ್ಲೆಂಡ್ಸಿನಲ್ಲಿ 2,488 ಹೃದಯಾಘಾತದ ರೋಗಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ, ಅವರು ಜೀನ್ ನೋಡಿ ಸರಿ ಇದ್ದವರನ್ನ ಕ್ಲೊಪಿಡೊಗ್ರೆಲ್‌ಗೆ ಇಳಿಸಿದ್ರು, ಕೆಟ್ಟಿದ್ದವರಿಗೆ ಜೋರು ಮಾತ್ರೆ ಇಟ್ರು, ಹೆಪ್ಪುಗಟ್ಟೋ ತೊಂದರೆ ಜಾಸ್ತಿ ಆಗಲಿಲ್ಲ, ರಕ್ತಸ್ರಾವ ಕಮ್ಮಿ ಆಯ್ತು. ನೋಡಿ, ಟೆಸ್ಟು ದುಬಾರಿ ಮಾತ್ರೆ ಮಾರೋಕೆ ಅಂತಲೇ ಅಲ್ಲ, ಸೌಮ್ಯವಾದ ಅಗ್ಗದ ಮಾತ್ರೆಯಲ್ಲೇ ಯಾರು ಆರಾಮಾಗಿ ಇರಬಹುದು ಅಂತಾನೂ ಅದೇ ಹೇಳತ್ತೆ. ನಿಮ್ಮ ಡಾಕ್ಟರು ಇದನ್ನೆಲ್ಲ ತೂಗಿಯೇ ‘ಮುಂದುವರ್ಸಿ’ ಅಂದಿರಬಹುದು, ಹಾಗಿದ್ರೆ ಅದನ್ನ ಎರಡು ನಿಮಿಷ ಕೂರಿಸಿ ಹೇಳಬೇಕಿತ್ತು, ಹೇಳಿದ್ರೆ ನೀವು ಆ ಎರಡು ದಿನ ಮಾತ್ರೆ ನಿಲ್ಲಿಸ್ತಾನೇ ಇರಲಿಲ್ಲ.

ನಮ್ಮ ಸೋದರತ್ತೆಗೆ ಹೃದಯದ ವಾಲ್ವ್ ತೊಂದರೆ ಇತ್ತು, ರಕ್ತ ತೆಳು ಮಾಡೋ ಮಾತ್ರೆ ಎಲ್ಲರಿಗೂ ಬರೆಯೋ ಡೋಸಲ್ಲೇ ಬರೆದುಕೊಟ್ಟಿದ್ರು. ಕೈಯೆಲ್ಲ ನೀಲಿ ಕಲೆ, ಹಲ್ಲುಜ್ಜಿದ್ರೆ ರಕ್ತ. ತೋರಿಸಿದ್ರೆ ‘ವಯಸ್ಸಾಯ್ತಲ್ಲ, ಚರ್ಮ ತೆಳು ಆಗತ್ತೆ’ ಅಂದು ಕಳಿಸಿದ್ರು. ಕೊನೆಗೆ ಬೇರೆ ಕಡೆ ಐಎನ್‌ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನೋಡೋ ಟೆಸ್ಟ್, ಮಾಡಿಸಿದ್ರೆ ಸಿಕ್ಕಾಪಟ್ಟೆ ಏರಿತ್ತು, ಡೋಸ್ ಅರ್ಧಕ್ಕಿಂತ ಕಮ್ಮಿ ಮಾಡಿದ ಮೇಲೆ ಕಲೆಗಳು ಹೋದ್ವು. ಅವರ ಜೀನ್ ಯಾರೂ ನೋಡಲಿಲ್ಲ, ಆದ್ರೆ ವಾರ್ಫರಿನ್ ಜಾತಿಯ ಮಾತ್ರೆ ಯಾರಿಗೆ ಎಷ್ಟು ಬೇಕು ಅನ್ನೋದ್ರಲ್ಲಿ ಎರಡು ಮೂರು ಜೀನುಗಳ ಪಾಲು ದೊಡ್ಡದು ಅಂತ ಗೊತ್ತಾಗಿ ಎಷ್ಟೋ ಕಾಲ ಆಯ್ತು. 65 ದಾಟಿದ, ಮಂಡಿ ಸೊಂಟದ ಆಪರೇಷನ್‌ಗೆ ಬಂದ 1,650 ಜನರ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಬಂತು, ಜೀನ್ ನೋಡಿ ಡೋಸ್ ಕೊಟ್ಟವರಲ್ಲಿ ತೊಂದರೆ ಆಗಿದ್ದು ನೂರಕ್ಕೆ 10.8, ಮಾಮೂಲಿ ರೀತೀಲಿ ಕೊಟ್ಟವರಲ್ಲಿ 14.7. ಯೂರೋಪಿನ 7 ದೇಶಗಳಲ್ಲಿ 12 ಜೀನುಗಳನ್ನ ಮುಂಚೆನೇ ನೋಡಿ ಔಷಧಿ ಕೊಟ್ಟಾಗ ಅಡ್ಡಪರಿಣಾಮ ಸುಮಾರು ನೂರಕ್ಕೆ 30ರಷ್ಟು ಇಳೀತು ಅಂತ 2023ರಲ್ಲಿ ಬಂದಿದೆ.

ಇದು ವಿದೇಶದ ಶೋಕಿ ಅಂತಲೂ ಅನ್ಕೋಬೇಡಿ. ಬಳ್ಳಾರಿ ಕಡೆ ಅರಿವಳಿಕೆ ಕೊಡೋ ಡಾಕ್ಟರೊಬ್ಬರು ನನ್ನ ಸ್ನೇಹಿತರು. ಆರ್ಯವೈಶ್ಯರ ಮನೆಯವರು ಆಪರೇಷನ್‌ಗೆ ಬಂದ್ರೆ ಅವರು ಮೊದಲು ಕೇಳೋದು, ‘ನಿಮ್ಮಲ್ಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಉಸಿರಾಟ ಬೇಗ ವಾಪಸ್ ಬರದೇ ವೆಂಟಿಲೇಟರ್‌ನಲ್ಲಿ ಇಟ್ಟಿದ್ರಾ?’ ಅಂತ. ಸಕ್ಸಮಿಥೋನಿಯಂ ಅನ್ನೋ ಸ್ನಾಯು ಸಡಿಲಿಸೋ ಇಂಜೆಕ್ಷನ್ ಉಳಿದವರಲ್ಲಿ ಕೆಲವೇ ನಿಮಿಷಕ್ಕೆ ಇಳಿದುಹೋಗತ್ತೆ, ಆ ಸಮುದಾಯದ ಕೆಲವರಲ್ಲಿ ಅದನ್ನ ಒಡೆಯೋ ಕಿಣ್ವ ಹುಟ್ಟಿನಿಂದ್ಲೇ ಇರಲ್ಲ, ಗಂಟೆಗಟ್ಟಲೆ ಹಿಡಿಯತ್ತೆ. ದಕ್ಷಿಣದ ಅರಿವಳಿಕೆ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಹಿಂದಿನವರು ಬದುಕಲಿಲ್ವಾ ಅಂದ್ರಲ್ಲ, ಬದುಕಿದವರ ಲೆಕ್ಕ ಮಾತ್ರ ನಮ್ಮ ಹತ್ರ ಇದೆ ತಾಯಿ, ಮಾತ್ರೆ ಒಗ್ಗದೆ ಹೋದವರನ್ನ ‘ವಯಸ್ಸಾಗಿತ್ತು’ ಅಂತ ಮಣ್ಣು ಮಾಡಿಬಿಟ್ಟಿದೀವಿ.

ನನ್ನ ಸಿಟ್ಟು ಇರೋದು ಇಲ್ಲೇ. ಹೊಸ ಔಷಧಿ ಪ್ರಯೋಗ ಮಾಡುವಾಗ ನಾಲ್ಕಾರು ಕಾಯಿಲೆ ಇರೋ ಮುದುಕರನ್ನ ಹೊರಗಿಡ್ತಾರೆ, ಆಮೇಲೆ ಆ ಔಷಧಿ ಹೆಚ್ಚು ನುಂಗೋರು ಅವರೇ. ಹೃದಯದವರು ಒಂದು ಚೀಟಿ, ಶುಗರಿನವರು ಒಂದು ಚೀಟಿ, ಮೂಳೆಯವರು ಇನ್ನೊಂದು, ಎಲ್ಲಾ ಚೀಟಿ ಒಂದು ಟೇಬಲ್ ಮೇಲೆ ಹರಡಿ ನೋಡೋ ಒಬ್ಬ ವೈದ್ಯ ಜಿಲ್ಲೆಗೊಬ್ಬರಾದ್ರೂ ಇದಾರಾ? ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಯೋಜನೆಯನ್ನ ಮುನ್ನಡೆಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ಬಿಟ್ಟೂ ಆಯ್ತು. ಒಂದೇ ಸಲ ಮಾಡಿಸಿದ್ರೆ ಸಾಯೋತನಕ ಬದಲಾಗದ ಟೆಸ್ಟು ಇದು, 60 ದಾಟಿದ ಎಲ್ಲರಿಗೂ ಸರ್ಕಾರವೇ ಮಾಡಿಸಿ ರೇಷನ್ ಕಾರ್ಡ್ ಥರ ಕೈಗೆ ಕೊಡೋಕೆ ಏನು ಅಡ್ಡಿ?

ನಿಮ್ಮ ಮಗನನ್ನ ಬೈಬೇಡಿ, ಅವನು ಮಾಡಿದ್ದು ಒಳ್ಳೇ ಕೆಲಸ, ಅಪ್ಪನ ಆ ಕೆಟ್ಟ ಜೀನು ಅವನಿಗೂ ಬಂದಿರಬಹುದು, ಅವನೂ ನೋಡಿಸ್ಕೊಳ್ಳಲಿ. ಇನ್ನು ನೀವು ಸುಮ್ನೆ ಪಟ್ಟಿಯಲ್ಲಿ ಬರೆದುಬಿಟ್ಟಿರೋ ಆ ಓಮೆಪ್ರಜೋಲ್ ಇದೆಯಲ್ಲ, ನನಗೆ ಜಾಸ್ತಿ ಚಿಂತೆ ಆಗಿರೋದು ಅದರದ್ದೇ. ಯಜಮಾನರಲ್ಲಿ ಆ ಕಿಣ್ವ ಮೊದಲೇ ಅರ್ಧ, ಓಮೆಪ್ರಜೋಲ್ ಅದೇ ಕಿಣ್ವವನ್ನ ಇನ್ನೂ ತಡೆಯತ್ತೆ, ಎರಡನ್ನೂ ಒಟ್ಟಿಗೆ ಕೊಡಬೇಡಿ ಅಂತ ಎಫ್‌ಡಿಎ 2009ರಲ್ಲೇ ಹೇಳಿದೆ. ಇದನ್ನೂ ನೀವಾಗಿ ನಿಲ್ಲಿಸೋಕೆ ಹೋಗ್ಬೇಡಿ. ಈ ವಾರವೇ ಮಗನ ರಿಪೋರ್ಟ್, ಓಮೆಪ್ರಜೋಲ್ ಸ್ಟ್ರಿಪ್ ಎರಡನ್ನೂ ಡಾಕ್ಟರ ಟೇಬಲ್ ಮೇಲಿಟ್ಟು, ಇದರ ಬದಲು ಪ್ಯಾಂಟೊಪ್ರಜೋಲ್ ಆಗತ್ತಾ, ಗ್ಯಾಸಿನ ಮಾತ್ರೆ ಇನ್ನೂ ಬೇಕಾ, ಕ್ಲೊಪಿಡೊಗ್ರೆಲ್ ಎಲ್ಲಿ ತನಕ ಅಂತ ಕೇಳಿ, ಅವರು ಹೇಳಿದ್ದನ್ನ ಅಲ್ಲೇ ಬರೆದುಕೊಳ್ಳಿ.